ಎಲೆ ಓದಿ, ಆಮೇಲೆ ಮದ್ದು

ಸೇಲಂ–ಧರ್ಮಪುರಿ ಸೀಮೆಯ ಮೆಕ್ಕೆಜೋಳಕ್ಕೆ ಬರುವ ಎಲೆ ಅಂಗಮಾರಿ ದೂರದಿಂದ ಒಂದೇ ರೋಗದಂತೆ ಕಾಣುತ್ತದೆ. ಅದನ್ನು ತರುವ ಶಿಲೀಂಧ್ರದಲ್ಲಿ ಮಾತ್ರ ಹಲವು ಬಗೆ. ಆ ಬಗೆಗಳ ಮೇಲೆ ಪ್ರತಿ ಹಂಗಾಮಿನಲ್ಲೂ ಕಣ್ಣಿಡುವುದೇ ರೋಗ ನಿರ್ವಹಣೆಯ ಮೊದಲ ಕೆಲಸ.

ಈಶಾನ್ಯ ಮಾರುತದ ಮಳೆ ನಾಲ್ಕು ಸುತ್ತು ಬಿದ್ದ ಮೇಲೆ ಸೇಲಂ ಜಿಲ್ಲೆಯ ಆತ್ತೂರು, ತಲೈವಾಸಲ್, ಗಂಗವಳ್ಳಿ ಕಡೆಯ ಹೊಲಗಳಲ್ಲಿ ಮೆಕ್ಕೆಜೋಳ ಆಳೆತ್ತರಕ್ಕೆ ನಿಂತಿರುತ್ತದೆ. ರಸ್ತೆಯಿಂದ ನೋಡಿದವರಿಗೆ ಎಲ್ಲವೂ ಹಸಿರು. ರೋಗ ಕಾಣಬೇಕಾದರೆ ಬದುವಿನ ಮೇಲೆ ನಿಂತರೆ ಸಾಲದು. ಸಾಲಿನೊಳಗೆ ಇಳಿದು, ಸೊಂಟ ಬಗ್ಗಿಸಿ, ಬುಡದಿಂದ ಮೂರನೆಯದೋ ನಾಲ್ಕನೆಯದೋ ಎಲೆಯನ್ನು ಎತ್ತಿ ಬೆಳಕಿಗೆ ಹಿಡಿಯಬೇಕು. ಅಲ್ಲಿ ಬೂದು ಮಿಶ್ರಿತ ಹಸಿರಿನ ಉದ್ದನೆಯ ಮಚ್ಚೆಯೊಂದು ಕಂಡರೆ, ನಡುವೆ ಉಬ್ಬಿ ಎರಡೂ ತುದಿ ಚೂಪಾಗಿದ್ದರೆ, ಅದೇ ಟರ್ಸಿಕಂ ಎಲೆ ಅಂಗಮಾರಿ. ಅಲ್ಲಿನ ತಮಿಳು ರೈತರು ‘ಇಲೈ ಕರುಗಲ್’ ಅನ್ನುತ್ತಾರೆ. ದನಕ್ಕೆ ಹಾಕಲು ಕೆಳಗಿನ ಎಲೆ ಬಿಡಿಸುವ ಹೆಣ್ಣುಮಕ್ಕಳ ಕಣ್ಣಿಗೆ ಇದು ಮೊದಲು ಬೀಳುತ್ತದೆ. ಹೊಲದ ಯಜಮಾನನಿಗೆ ಗೊತ್ತಾಗುವ ಹೊತ್ತಿಗೆ ರೋಗ ತೆನೆಯ ಮಟ್ಟಕ್ಕೆ ಏರಿರುತ್ತದೆ.

ಈ ಸೀಮೆಯ ಮೆಕ್ಕೆಜೋಳಕ್ಕೆ ದೊಡ್ಡ ಗಿರಾಕಿ ಕೋಳಿ. 1997ರ ಜನವರಿ 1ರಂದು ಸೇಲಂನಿಂದ ಬೇರೆಯಾದ ನಾಮಕ್ಕಲ್ ಜಿಲ್ಲೆ ದೇಶದ ಮೊಟ್ಟೆ ವ್ಯಾಪಾರದ ಮುಖ್ಯ ಕೇಂದ್ರಗಳಲ್ಲೊಂದು. ಮೊಟ್ಟೆ ಕೋಳಿಯ ಆಹಾರದಲ್ಲಿ ಸುಮಾರು ಅರ್ಧದಷ್ಟು ಮೆಕ್ಕೆಜೋಳವೇ. ದಾವಣಗೆರೆ, ಹಾವೇರಿ ಮಾರುಕಟ್ಟೆಯಿಂದ ಹೊರಡುವ ಲಾರಿಗಳು ನಾಮಕ್ಕಲ್‌ನಲ್ಲಿ ಇಳಿಯುವುದೂ ಇದೇ ಕಾರಣಕ್ಕೆ. ಈಚಿನ ವರ್ಷಗಳಲ್ಲಿ ಎಥನಾಲ್ ಘಟಕಗಳೂ ಇದೇ ಕಾಳಿಗೆ ಕೈ ಚಾಚಿವೆ. ಬೇಡಿಕೆ ಏರಿದಂತೆ ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ ಬಿತ್ತುವ ಹೊಲಗಳು ಹೆಚ್ಚಿವೆ. ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ, ಬಿಡುವಿಲ್ಲದ ಆಶ್ರಯ.

ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಾಡು

ಬೆಂಗಳೂರಿನಿಂದ ದಕ್ಷಿಣಕ್ಕೆ ಹೊರಟರೆ ನೆಲ ಹಂತ ಹಂತವಾಗಿ ಇಳಿಯುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಧರ್ಮಪುರಿ ಅದರ ಅರ್ಧದಷ್ಟು ಎತ್ತರದಲ್ಲಿದೆ. ತೊಪ್ಪೂರು ಕಣಿವೆ ದಾಟಿ ಸೇಲಂ ಮುಟ್ಟಿದರೆ ಎತ್ತರ 300 ಮೀಟರಿಗಿಂತ ಕಡಿಮೆ. ಪಕ್ಕದಲ್ಲೇ ಶೇರ್ವರಾಯನ್ ಬೆಟ್ಟ, ಅದರ ಮೇಲೆ ಸುಮಾರು 1500 ಮೀಟರ್ ಎತ್ತರದ ಏರ್ಕಾಡು, ಪೂರ್ವಕ್ಕೆ ಕಲ್ವರಾಯನ್ ಬೆಟ್ಟಸಾಲು. ಒಂದು ದಿನದ ಬಸ್ ಪ್ರಯಾಣದ ಒಳಗೆ ತಂಪು, ಹದ, ಸೆಕೆ ಮೂರೂ ಸಿಗುವ ಸೀಮೆ ಇದು. ನೈರುತ್ಯ ಮುಂಗಾರು, ಈಶಾನ್ಯ ಹಿಂಗಾರು ಎರಡೂ ಇಲ್ಲಿ ಮಳೆ ಸುರಿಸುತ್ತವೆ. ಆದ್ದರಿಂದ ಮೆಕ್ಕೆಜೋಳ ಒಂದೇ ಹಂಗಾಮಿಗೆ ಕಟ್ಟುಬೀಳುವುದಿಲ್ಲ. ಒಂದು ಊರಲ್ಲಿ ಕಟಾವು ನಡೆಯುವಾಗ ಪಕ್ಕದ ಊರಲ್ಲಿ ಸುಳಿ ಬಿಚ್ಚುತ್ತಿರುತ್ತದೆ.

ಕನ್ನಡಿಗರಿಗೆ ಈ ನೆಲ ಹೊಸದಲ್ಲ. ನೊಳಂಬರ ಕಾಲದ ಕನ್ನಡ ಶಾಸನಗಳು ಧರ್ಮಪುರಿಯಲ್ಲಿ ದೊರೆತಿವೆ. ಮೈಸೂರಿನ ಕೈಯಲ್ಲಿದ್ದ ಈ ಸೀಮೆ, ಅಂದಿನ ಬಾರಾಮಹಲ್, 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಇಂಗ್ಲಿಷರ ಪಾಲಾಯಿತು. ಇಂಗ್ಲಿಷ್ ಅಧಿಕಾರಿ ಥಾಮಸ್ ಮನ್ರೋ ಕಂದಾಯದ ಕೆಲಸ ಕಲಿತದ್ದು ಇಲ್ಲಿಯೇ. 1965ರಲ್ಲಿ ಧರ್ಮಪುರಿ ಸೇಲಂನಿಂದ ಬೇರೆಯಾಯಿತು, 2004ರಲ್ಲಿ ಕೃಷ್ಣಗಿರಿ ಧರ್ಮಪುರಿಯಿಂದ ಬೇರೆಯಾಯಿತು. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತ ಬಂದರೂ ಡೆಂಕಣಿಕೋಟೆ, ತಳಿ ಕಡೆಯ ಮನೆಗಳಲ್ಲೂ ಸೇಲಂನ ದೇವಾಂಗ ನೇಕಾರರ ಬೀದಿಗಳಲ್ಲೂ ಕನ್ನಡ ಇವತ್ತಿಗೂ ಮನೆಮಾತು. ಹೊಗೇನಕಲ್ಲಿನಲ್ಲಿ ಕಾವೇರಿಯ ಒಂದು ದಡ ಚಾಮರಾಜನಗರ ಜಿಲ್ಲೆಯದು, ಇನ್ನೊಂದು ದಡ ಧರ್ಮಪುರಿಯದು. ಗಾಳಿಯಲ್ಲಿ ತೇಲುವ ಶಿಲೀಂಧ್ರದ ಬೀಜಾಣುವಿಗೆ ಈ ದಡ ಆ ದಡ ಎಂಬ ಭೇದ ಇಲ್ಲ.

ಇಬ್ಬನಿಯ ರಾತ್ರಿ ನಡೆಯುವುದೇನು

1876ರಲ್ಲಿ ಇಟಲಿಯ ಪಾರ್ಮಾದಲ್ಲಿ ಸಸ್ಯಶಾಸ್ತ್ರಜ್ಞ ಜೊವಾನಿ ಪಾಸ್ಸೆರಿನಿ ಟರ್ಸಿಕಂ ಅಂಗಮಾರಿ ತರುವ ಶಿಲೀಂಧ್ರವನ್ನು ಮೊದಲು ವಿವರಿಸಿದರು. ಭಾರತದಲ್ಲಿ 1907ರಲ್ಲಿ ಸಸ್ಯರೋಗ ವಿಜ್ಞಾನಿ ಬಟ್ಲರ್ ಬಿಹಾರದಿಂದ ಇದನ್ನು ವರದಿ ಮಾಡಿದರು. ಹೆಲ್ಮಿಂಥೋಸ್ಪೋರಿಯಂ ಎಂದು ಶುರುವಾದ ಹೆಸರು 1974ರ ನಂತರ ಎಕ್ಸೆರೋಹೈಲಂ ಟರ್ಸಿಕಂ ಎಂದು ನೆಲೆ ನಿಂತಿದೆ.

ಇದರ ಬದುಕು ನಡೆಯುವುದು ತೇವದ ಮೇಲೆ. ಹಿಂದಿನ ಬೆಳೆಯ ಒಣಗಿದ ಎಲೆ, ದಂಟು, ರವದಿಯಲ್ಲಿ ಅದು ಬೇಸಿಗೆ ಕಳೆಯುತ್ತದೆ. ಮಳೆ ಬಂದು ಹೊಸ ಬೆಳೆ ಎದ್ದಾಗ ಆ ಕಸದ ಮೇಲೆ ಬೀಜಾಣುಗಳು ಹುಟ್ಟುತ್ತವೆ. ಅವು ಗಾಳಿಗೆ ಹಾರಿ, ಮಳೆಹನಿಗೆ ಸಿಡಿದು ಕೆಳಗಿನ ಎಲೆಗಳ ಮೇಲೆ ಕೂರುತ್ತವೆ. ಉಷ್ಣಾಂಶ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದು, ಎಲೆಯ ಮೇಲೆ ಆರು ಗಂಟೆಗೂ ಮೀರಿ ತೇವ ನಿಂತರೆ ಬೀಜಾಣು ಮೊಳೆತು ಎಲೆಯ ಚರ್ಮವನ್ನು ನೇರವಾಗಿ ಕೊರೆಯುತ್ತದೆ. ಒಳಗೆ ಹೋದದ್ದು ನೀರು ಸಾಗಿಸುವ ನಾಳಗಳನ್ನು ಹುಡುಕಿಕೊಂಡು ಹೋಗಿ ಅಲ್ಲಿ ಹಬ್ಬುತ್ತದೆ. ಒಂದೆರಡು ವಾರ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ನೀರಿನಲ್ಲಿ ನೆನೆದಂತಹ ಕಲೆ ಮೂಡಿ, ಉದ್ದಕ್ಕೆ ಬೆಳೆದು, ಒಣಗಿ ಕಂದಾಗುತ್ತದೆ. ಒಂದೊಂದು ಮಚ್ಚೆ ಎರಡೂವರೆಯಿಂದ 15 ಸೆಂಟಿಮೀಟರ್ ಉದ್ದ ಇರಬಹುದು. ತೇವದ ರಾತ್ರಿಯಲ್ಲಿ ಆ ಮಚ್ಚೆಯ ಮೇಲೆ ಕಪ್ಪು ಧೂಳಿನಂತೆ ಬೀಜಾಣು ಕಟ್ಟುತ್ತದೆ. ಬಿಸಿಲೇರಿ ಎಲೆ ಆರಿದಾಗ ಅದು ಹಾರುತ್ತದೆ. ಒಂದೇ ಬೆಳೆಯಲ್ಲಿ ಈ ಚಕ್ರ ಹಲವು ಸಲ ತಿರುಗುತ್ತದೆ.

ನಷ್ಟದ ಲೆಕ್ಕ ರೋಗ ಬಂದ ಹೊತ್ತಿನ ಮೇಲೆ ನಿಂತಿದೆ. ಕಾಳಿಗೆ ಹಿಟ್ಟು ತುಂಬಿಸುವುದು ತೆನೆಯ ಪಕ್ಕದ ಎಲೆ ಮತ್ತು ಅದರ ಮೇಲಿನ ಎಲೆಗಳು. ಸೂಲಂಗಿ ಬರುವ ಮೊದಲೇ ಆ ಎಲೆಗಳು ಸುಟ್ಟರೆ ಇಳುವರಿ ಅರ್ಧಕ್ಕೆ ಕುಸಿಯಬಹುದು. ಕಾಳು ಗಟ್ಟಿಯಾದ ಮೇಲೆ ಬಂದ ರೋಗದಿಂದ ಆಗುವ ನಷ್ಟ ಅತ್ಯಲ್ಪ. ಇಷ್ಟು ತಿಳಿದರೆ ಎಷ್ಟೋ ಸಿಂಪಡಣೆ ಉಳಿಯುತ್ತದೆ.

ಮಚ್ಚೆ ನೋಡಿ ರೋಗ ಹೇಳುವುದು

‘ಎಲೆ ಸುಡ್ತಾ ಇದೆ, ಔಷಧಿ ಕೊಡಿ’ ಎಂದು ಅಂಗಡಿಗೆ ಹೋಗುವ ರೈತನ ಹೊಲದಲ್ಲಿ ಇರುವುದು ಟರ್ಸಿಕಂ ಒಂದೇ ಅಲ್ಲ. ಮೇಡಿಸ್ ಎಲೆ ಅಂಗಮಾರಿ ಇನ್ನೊಂದು. ಅದನ್ನು ತರುವುದು ಬೈಪೋಲಾರಿಸ್ ಮೇಡಿಸ್ ಎಂಬ ಬೇರೆ ಶಿಲೀಂಧ್ರ. ಅದರ ಮಚ್ಚೆ ಚಿಕ್ಕದು, ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್. ನರಗಳ ನಡುವೆ ಸಿಕ್ಕಿಕೊಂಡು ಎರಡೂ ಅಂಚು ನೇರವಾಗಿ ಕಾಣುತ್ತದೆ, ತುದಿ ಚೂಪಾಗುವುದಿಲ್ಲ. ಟರ್ಸಿಕಂಗೆ ತಂಪು ಬೇಕು, ಮೇಡಿಸ್‌ಗೆ ಸೆಕೆ ಒಗ್ಗುತ್ತದೆ. ಮೆಟ್ಟಿಲಾಗಿ ಇಳಿಯುವ ಈ ಸೀಮೆಯಲ್ಲಿ ಎರಡಕ್ಕೂ ಜಾಗ ಇದೆ.

ತುಕ್ಕು ರೋಗದಲ್ಲಿ ಎಲೆಯ ಎರಡೂ ಬದಿ ಇಟ್ಟಿಗೆ ಬಣ್ಣದ ಗುಳ್ಳೆ ಏಳುತ್ತವೆ, ಬೆರಳಿನಿಂದ ಉಜ್ಜಿದರೆ ಪುಡಿ ಅಂಟುತ್ತದೆ. ಕೇದಿಗೆ ರೋಗದಲ್ಲಿ ಎಳೆ ಎಲೆಯೇ ಬಿಳಿಚಿಕೊಂಡು, ಬೆಳಗಿನ ಹೊತ್ತು ಅಡಿಬದಿಯಲ್ಲಿ ಬಿಳಿ ಬೂಷ್ಟು ಕಾಣುತ್ತದೆ. ಪೊಟ್ಯಾಷ್ ಕೊರತೆ ಇದ್ದರೆ ಕೆಳಗಿನ ಎಲೆಯ ಅಂಚು ತುದಿಯಿಂದ ಒಳಕ್ಕೆ ಒಣಗುತ್ತದೆ, ನಡುದಿಂಡು ಹಸಿರಾಗಿಯೇ ಇರುತ್ತದೆ. ಈ ಐದನ್ನೂ ಬೇರೆ ಬೇರೆ ಮಾಡಿ ನೋಡಲು ಪ್ರಯೋಗಾಲಯ ಬೇಡ, ಹತ್ತು ನಿಮಿಷ ತಾಳ್ಮೆ ಸಾಕು. ಪೊಟ್ಯಾಷ್ ಕೊರತೆಗೆ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ಮಣ್ಣುಪಾಲು.

2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಪತ್ತೆಯಾಗಿ, ಕೆಲವೇ ತಿಂಗಳಲ್ಲಿ ತಮಿಳುನಾಡಿನ ಮೆಕ್ಕೆಜೋಳಕ್ಕೂ ಹಬ್ಬಿತು. ಆ ಮೇಲೆ ರೈತರ ಕಣ್ಣೆಲ್ಲ ಸುಳಿಯ ಮೇಲೆ ನೆಟ್ಟಿದೆ. ಖರ್ಚೂ ಅಲ್ಲಿಗೇ ಹೋಗುತ್ತಿದೆ. ಬುಡದ ಎಲೆ ನೋಡುವ ರೂಢಿ ತಪ್ಪಿದರೆ ಅಂಗಮಾರಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ.

ಒಂದೇ ಮಚ್ಚೆ, ಬೇರೆ ಬೇರೆ ಶಿಲೀಂಧ್ರ

ಟರ್ಸಿಕಂ ಎಂದು ಖಚಿತವಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಇದು ಯಾವ ಟರ್ಸಿಕಂ?

ಸಸ್ಯರೋಗ ವಿಜ್ಞಾನಿಗಳು ಇದಕ್ಕೆ ಉತ್ತರ ಹುಡುಕುವ ಬಗೆ ಹೀಗೆ. ಬೇರೆ ಬೇರೆ ಊರುಗಳಿಂದ ರೋಗದ ಎಲೆ ತಂದು, ಮಚ್ಚೆಯ ಅಂಚನ್ನು ಚಿಕ್ಕ ಚೂರಾಗಿ ಕತ್ತರಿಸಿ, ಹೊರಮೈಯನ್ನು ಶುದ್ಧಮಾಡಿ, ಆಲೂಗೆಡ್ಡೆ ಸಾರದ ಅಗರ್ ಮೇಲೆ ಇಡುತ್ತಾರೆ. ಬೆಳೆದ ಶಿಲೀಂಧ್ರದಿಂದ ಒಂದೇ ಒಂದು ಬೀಜಾಣುವನ್ನು ಬೇರ್ಪಡಿಸಿ ಮತ್ತೆ ಬೆಳೆಸುತ್ತಾರೆ. ಹೀಗೆ ಸಿಕ್ಕ ಒಂದೊಂದು ಶುದ್ಧ ಮಾದರಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಒಂದರ ಬಣ್ಣ ಬೂದು, ಇನ್ನೊಂದರದು ಕಡು ಆಲಿವ್. ಒಂದು ಅಗರ್ ತಟ್ಟೆಯನ್ನು ಬೇಗ ತುಂಬುತ್ತದೆ, ಇನ್ನೊಂದು ನಿಧಾನ. ಬೀಜಾಣುವಿನ ಉದ್ದ, ಅದರೊಳಗಿನ ಅಡ್ಡಗೋಡೆಗಳ ಸಂಖ್ಯೆಯೂ ಒಂದೇ ಅಲ್ಲ. ಸಾಮಾನ್ಯವಾಗಿ ಮೂರರಿಂದ ಎಂಟು ಅಡ್ಡಗೋಡೆ ಇರುತ್ತವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಎಸ್.ಐ. ಹರ್ಲಾಪುರ ಮತ್ತು ಸಹೋದ್ಯೋಗಿಗಳು 2007ರಲ್ಲಿ ‘ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ವಿಷಯವೇ ಟರ್ಸಿಕಂ ಶಿಲೀಂಧ್ರದ ಈ ಭಿನ್ನತೆ.

ಬಣ್ಣ, ಬೆಳವಣಿಗೆ ಹೊರಗಿನ ಗುರುತು ಮಾತ್ರ. ರೈತನಿಗೆ ಬೇಕಾದ ಉತ್ತರ ಗಿಡದ ಮೇಲೆ ಸಿಗುತ್ತದೆ. ಒಂದೇ ತಳಿಯ ಗಿಡಗಳಿಗೆ ಬೇರೆ ಬೇರೆ ಮಾದರಿಯ ಶಿಲೀಂಧ್ರ ಹಚ್ಚಿದಾಗ ಮಚ್ಚೆ ಎಷ್ಟು ದಿನಕ್ಕೆ ಬಂತು, ಎಷ್ಟು ಬಂತು, ಎಷ್ಟು ಉದ್ದ ಬೆಳೆಯಿತು, ಅದರ ಮೇಲೆ ಎಷ್ಟು ಬೀಜಾಣು ಹುಟ್ಟಿತು ಎಂದು ಲೆಕ್ಕ ಹಾಕುತ್ತಾರೆ. ಬೇಗ ಮಚ್ಚೆ ಮಾಡಿ ಹೆಚ್ಚು ಬೀಜಾಣು ಉದುರಿಸುವ ಬಗೆಯೇ ಹೊಲದಲ್ಲಿ ಗೆಲ್ಲುವುದು.

ಇನ್ನೂ ಸೂಕ್ಷ್ಮವಾದ ಪರೀಕ್ಷೆ ನಿರೋಧಕ ವಂಶವಾಹಿಗಳದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎ.ಎಲ್. ಹೂಕರ್ 1960ರ ದಶಕದ ಆರಂಭದಲ್ಲಿ ಮೆಕ್ಕೆಜೋಳದಲ್ಲಿ ಎಚ್‌ಟಿ1 ಎಂಬ ವಂಶವಾಹಿಯನ್ನು ಗುರುತಿಸಿದರು. ಅದು ಇದ್ದ ಗಿಡದ ಎಲೆಯಲ್ಲಿ ಒಣ ಮಚ್ಚೆಯ ಬದಲು ಹಳದಿ ಪಟ್ಟೆ ಮೂಡುತ್ತದೆ, ಬೀಜಾಣು ಬಹಳ ಕಡಿಮೆ. ಆ ಮೇಲೆ ಎಚ್‌ಟಿ2, ಎಚ್‌ಟಿ3 ಬಂದವು. ಮೆಕ್ಸಿಕೋದ ಪೆಪಿಟಿಯಾ ಎಂಬ ನಾಟಿ ತಳಿಯಿಂದ ಎಚ್‌ಟಿಎನ್ ಬಂತು. ಇದು ಮಚ್ಚೆ ಬರುವುದನ್ನೇ ಮುಂದಕ್ಕೆ ತಳ್ಳುತ್ತದೆ. ಈ ನಾಲ್ಕರಲ್ಲಿ ಯಾವುದನ್ನು ಶಿಲೀಂಧ್ರ ಮುರಿಯಬಲ್ಲದೋ ಅದೇ ಅದರ ಕುಲದ ಹೆಸರು. ಯಾವುದನ್ನೂ ಮುರಿಯಲಾಗದ್ದು 0 ಕುಲ. ಎಚ್‌ಟಿ1ನ್ನು ಮುರಿದದ್ದು 1. ಎಚ್‌ಟಿ2, ಎಚ್‌ಟಿ3, ಎಚ್‌ಟಿಎನ್ ಮೂರನ್ನೂ ಮುರಿದದ್ದು 23ಎನ್.

ಎಚ್‌ಟಿ1 ಅಮೆರಿಕದ ಹೈಬ್ರಿಡ್‌ಗಳಲ್ಲೆಲ್ಲ ತುಂಬಿದ ಮೇಲೆ ಆದದ್ದು ನಾವು ಕಲಿಯಬೇಕಾದ ಪಾಠ. 1970ರ ದಶಕದ ಆರಂಭದಲ್ಲಿ ಹವಾಯಿಯಲ್ಲಿ ಅದನ್ನು ಮುರಿಯುವ ಬಗೆ ಕಾಣಿಸಿತು. 1979ರಲ್ಲಿ ಇಂಡಿಯಾನಾದಲ್ಲೂ ಸಿಕ್ಕಿತು. ತಳಿ ಕೆಟ್ಟಿರಲಿಲ್ಲ. ಒಂದೇ ವಂಶವಾಹಿಯನ್ನು ಎಲ್ಲ ಕಡೆ ಹಾಕಿ, ಅದನ್ನು ದಾಟಬಲ್ಲ ಬಗೆಯನ್ನೇ ಮನುಷ್ಯರು ಆರಿಸಿ ಬೆಳೆಸಿದ್ದರು. ಈ ವಂಶವಾಹಿಗಳ ಕೆಲಸ ಬೆಳಕು, ಉಷ್ಣಾಂಶಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆಗುವುದೂ ಉಂಟು. ಆದ್ದರಿಂದ ಹೊಸೂರಿನ ತಂಪಿನಲ್ಲಿ ಗೆದ್ದ ತಳಿ ಆತ್ತೂರಿನಲ್ಲೂ ಗೆಲ್ಲುತ್ತದೆ ಎಂದು ಪರೀಕ್ಷಿಸದೆ ಹೇಳಬಾರದು.

ಉಷ್ಣವಲಯದವರಾದ ನಮಗೆ ಇನ್ನೊಂದು ಎಚ್ಚರಿಕೆ ಇದೆ. ಈ ಶಿಲೀಂಧ್ರದಲ್ಲಿ ಎರಡು ಸಂಯೋಗ ಬಗೆಗಳಿವೆ. ಎರಡೂ ಒಂದೇ ಕಡೆ ಇದ್ದರೆ ಅವು ಕೂಡಿ ಹೊಸ ಹೊಸ ಜೋಡಣೆಗಳನ್ನು ಹುಟ್ಟಿಸಬಲ್ಲವು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಫ್ರಿಕಾ, ಯೂರೋಪ್, ಚೀನಾ, ಮೆಕ್ಸಿಕೋದ ಮಾದರಿಗಳನ್ನು ಹೋಲಿಸಿ, ತಂಪು ದೇಶಗಳಿಗಿಂತ ಉಷ್ಣ ದೇಶಗಳಲ್ಲಿ ಈ ಶಿಲೀಂಧ್ರದ ವೈವಿಧ್ಯ ಹೆಚ್ಚು ಎಂದು ತೋರಿಸಿತು. ವರ್ಷವಿಡೀ ಹಸಿರು ಮೆಕ್ಕೆಜೋಳ ಇರುವ ಕಡೆ ಶಿಲೀಂಧ್ರಕ್ಕೆ ಪೀಳಿಗೆಗಳೂ ಹೆಚ್ಚು. ಪಕ್ಕದಲ್ಲಿ ಮೇವಿನ ಜೋಳವೂ ಇದೆ. ಕೆಲವು ಟರ್ಸಿಕಂ ಬಗೆ ಮೆಕ್ಕೆಜೋಳಕ್ಕೇ ಮೀಸಲು, ಕೆಲವು ಜೋಳಕ್ಕೆ ಮೀಸಲು, ಕೆಲವಕ್ಕೆ ಎರಡೂ ಆದೀತು. ಬಿಳಿಜೋಳವನ್ನು ತಲೆತಲಾಂತರದಿಂದ ಬೆಳೆಯುತ್ತಿರುವ ಸೇಲಂ–ಧರ್ಮಪುರಿಯಲ್ಲಿ ಇದನ್ನು ಮರೆಯುವಂತಿಲ್ಲ.

1970: ಒಂದು ದೇಶ ಕಲಿತ ಪಾಠ

ಭಿನ್ನತೆಯನ್ನು ಕಡೆಗಣಿಸಿದರೆ ಆಗುವುದೇನು ಎಂಬುದಕ್ಕೆ ಅತಿ ದೊಡ್ಡ ಸಾಕ್ಷಿ ಮೇಡಿಸ್ ಅಂಗಮಾರಿಯದು. ಹೈಬ್ರಿಡ್ ಬೀಜ ಮಾಡುವಾಗ ಹೆಣ್ಣು ಸಾಲಿನ ಗಂಡು ಹೂವನ್ನು ಕೈಯಿಂದ ಕೀಳಬೇಕು. ಆ ಕೂಲಿ ಉಳಿಸಲು ಅಮೆರಿಕದ ಕಂಪನಿಗಳು ಗಂಡು ಹೂವನ್ನು ಬರಡಾಗಿಸುವ ‘ಟೆಕ್ಸಾಸ್ ಸೈಟೊಪ್ಲಾಸಂ’ ಎಂಬ ಕೋಶರಸ ಇರುವ ತಳಿಗಳನ್ನು ಬಳಸಿದವು. 1970ರ ಹೊತ್ತಿಗೆ ಅಲ್ಲಿನ ಹೈಬ್ರಿಡ್‌ಗಳಲ್ಲಿ ಸುಮಾರು ಶೇ 85ರಲ್ಲಿ ಅದೇ ಇತ್ತು. ಬೀದಿಯ ಅಷ್ಟೂ ಮನೆಗೆ ಒಂದೇ ಬೀಗ ಹಾಕಿದಂತೆ. ಮೇಡಿಸ್ ಶಿಲೀಂಧ್ರದ ‘ಟಿ’ ಎಂಬ ಕುಲಕ್ಕೆ ಆ ಕೀಲಿ ಸಿಕ್ಕಿತು. ಅದು ಹೊರಬಿಡುವ ವಿಷ ಆ ಸೈಟೊಪ್ಲಾಸಂನ ಮೈಟೊಕಾಂಡ್ರಿಯಾದಲ್ಲಿದ್ದ ಒಂದು ಪ್ರೋಟೀನಿಗೆ ಅಂಟಿ ಜೀವಕೋಶವನ್ನೇ ಕೊಂದಿತು. ಒಂದೇ ಹಂಗಾಮಿನಲ್ಲಿ ದೇಶದ ಬೆಳೆಯ ಸುಮಾರು ಶೇ 15 ಹಾಳಾಯಿತು, ನಷ್ಟ ನೂರು ಕೋಟಿ ಡಾಲರ್‌ನಷ್ಟಾಯಿತು.

ಈ ಸೈಟೊಪ್ಲಾಸಂ ಮೇಡಿಸ್‌ಗೆ ಬೇಗ ಬಲಿಯಾಗುತ್ತದೆ ಎಂದು 1961ರಲ್ಲೇ ಫಿಲಿಪೈನ್ಸ್‌ನ ವಿಜ್ಞಾನಿಗಳು ಬರೆದಿದ್ದರು. ಬಿಸಿಲು ನಾಡಿನ ಆ ಎಚ್ಚರಿಕೆ ದೊಡ್ಡ ದೇಶದ ಬೀಜೋದ್ಯಮದ ಕಿವಿಗೆ ಬೀಳಲಿಲ್ಲ. ಸಮೀಕ್ಷೆ ಮಾಡಿದರಷ್ಟೇ ಸಾಲದು, ಅದನ್ನು ಕೇಳಿಸಿಕೊಳ್ಳುವವರೂ ಇರಬೇಕು.

ಮಂಡ್ಯದ ಹೊಲದಲ್ಲಿ

ತಳಿಗಳನ್ನು ರೋಗದ ಎದುರು ಪರೀಕ್ಷಿಸುವ ಕೆಲಸ ನಮ್ಮಲ್ಲೂ ಇದೆ. ಭಾರತದಲ್ಲಿ ಬೆಳೆವಾರು ಸಮನ್ವಯ ಸಂಶೋಧನಾ ಯೋಜನೆಗಳ ಪರಂಪರೆ ಶುರುವಾದದ್ದೇ ಮೆಕ್ಕೆಜೋಳದಿಂದ, 1957ರಲ್ಲಿ. 1961ರಲ್ಲಿ ಬಿಡುಗಡೆಯಾದ ಮೊದಲ ಹೈಬ್ರಿಡ್‌ಗಳಲ್ಲಿ ‘ಡೆಕ್ಕನ್’ ಒಂದು. ಇವತ್ತು ಆ ಯೋಜನೆಯ ಕೇಂದ್ರಗಳಲ್ಲಿ ತಮಿಳುನಾಡಿನ ಕೊಯಮತ್ತೂರು, ಕರ್ನಾಟಕದ ಮಂಡ್ಯ ಇವೆ. ಸ್ವಾತಂತ್ರ್ಯಕ್ಕೆ ಮೊದಲೇ ಶುರುವಾದ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಹವೆ ಟರ್ಸಿಕಂಗೆ ಎಷ್ಟು ಒಗ್ಗುತ್ತದೆ ಎಂದರೆ, ದೇಶದ ಬೇರೆ ಕಡೆಯ ತಳಿಗಳನ್ನು ಇಲ್ಲಿಗೆ ತಂದು ಪರೀಕ್ಷಿಸುತ್ತಾರೆ.

ಪರೀಕ್ಷೆಯ ಕ್ರಮ ಕಠಿಣ. ಬೇಯಿಸಿ ಶುದ್ಧಮಾಡಿದ ಬಿಳಿಜೋಳದ ಕಾಳಿನ ಮೇಲೆ ಶಿಲೀಂಧ್ರ ಬೆಳೆಸಿ, ಬೆಳೆ ಒಂದು ತಿಂಗಳು ದಾಟಿದಾಗ ಆ ಪುಡಿಯನ್ನು ಪ್ರತಿ ಗಿಡದ ಸುಳಿಗೆ ಹಾಕಿ ನೀರು ಚಿಮುಕಿಸುತ್ತಾರೆ. ಸಾಲುಗಳ ನಡುವೆ ಸಿಎಂ–202 ಎಂಬ ಶುದ್ಧ ತಳಿ ನೆಡುತ್ತಾರೆ. ಟರ್ಸಿಕಂಗೆ ಬೇಗ ತುತ್ತಾಗುವ ತಳಿ ಅದು. ಸಿಎಂ–202 ಸಾಯದಿದ್ದರೆ ಆ ವರ್ಷದ ಪರೀಕ್ಷೆಯನ್ನೇ ನಂಬುವಂತಿಲ್ಲ. ಉಳಿದ ತಳಿಗಳಿಗೆ 1ರಿಂದ 9ರವರೆಗೆ ಅಂಕ. ಕಡಿಮೆ ಅಂಕ ಬಂದದ್ದು ಒಳ್ಳೆಯದು.

ಹೀಗೆ ಆರಿಸಿದ ಸಾಲಿನಿಂದಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೇಮ, ನಿತ್ಯಶ್ರೀ ಹೈಬ್ರಿಡ್‌ಗಳು ಬಂದವು. ನಿತ್ಯಶ್ರೀ ಅಂಗಮಾರಿ, ಕೇದಿಗೆ ಎರಡನ್ನೂ ತಡೆಯುವ ಗುಣಕ್ಕೆ ಹೆಸರಾಯಿತು. ಇಂಥ ತಳಿಗಳ ಬಲ ಒಂದು ವಂಶವಾಹಿಯ ಮೇಲೆ ನಿಂತದ್ದಲ್ಲ. ಹಲವು ಚಿಕ್ಕ ವಂಶವಾಹಿಗಳು ಕೂಡಿ ರೋಗವನ್ನು ನಿಧಾನಗೊಳಿಸುತ್ತವೆ. ಎಲೆಯಲ್ಲಿ ಮಚ್ಚೆ ಬರುತ್ತದೆ, ಆದರೆ ತಡವಾಗಿ ಬರುತ್ತದೆ, ಚಿಕ್ಕದಾಗಿರುತ್ತದೆ, ಕಾಳು ತುಂಬಿದ ಮೇಲೆ ಮೇಲಕ್ಕೆ ಏರುತ್ತದೆ. ಇದು ಪೂರ್ತಿ ಹಸಿರು ಕೊಡದಿದ್ದರೂ ಬಹಳ ವರ್ಷ ಬಾಳುತ್ತದೆ. ಒಂದೆರಡು ಮಚ್ಚೆ ಕಂಡೊಡನೆ ತಳಿಯನ್ನು ದೂರುವ ರೈತರಿಗೆ ಇದನ್ನು ಬಿಡಿಸಿ ಹೇಳುವ ಹೊಣೆ ಕೃಷಿ ಇಲಾಖೆಯದು.

ಹೊಲದಲ್ಲಿ ಮಾಡಬೇಕಾದ್ದು

ಮೊದಲು ತಳಿ. ಬೀಜದ ಚೀಲದ ಮೇಲಿನ ಚಿತ್ರ ನೋಡಿ ಕೊಳ್ಳಬಾರದು. ಟರ್ಸಿಕಂ, ಮೇಡಿಸ್ ಎರಡಕ್ಕೂ ಪರೀಕ್ಷೆ ಆಗಿದೆಯೇ, ಎಲ್ಲಿ ಆಗಿದೆ ಎಂದು ಕೇಳಬೇಕು. ಒಂದೇ ಊರಿನ ಎಲ್ಲರೂ ಒಂದೇ ಹೈಬ್ರಿಡ್ ಹಾಕುವುದನ್ನು ಬಿಟ್ಟು ಎರಡು ಮೂರು ತಳಿ ಹಂಚಿಕೊಂಡು ಬಿತ್ತಬೇಕು. ಯಾವ ತಳಿ ಹೇಗೆ ನಿಂತಿತು ಎಂಬ ನೆನಪನ್ನು ಪುಸ್ತಕದಲ್ಲಿ ಬರೆದಿಡಬೇಕು.

ಎರಡನೆಯದು ಕಸ. ಕಟಾವಿನ ನಂತರ ರವದಿಯನ್ನು ಹೊಲದಲ್ಲಿ ಹಾಗೆಯೇ ಬಿಟ್ಟು ಅದೇ ಜಾಗಕ್ಕೆ ಮೆಕ್ಕೆಜೋಳ ಬಿತ್ತುವುದು ರೋಗಕ್ಕೆ ಆಹ್ವಾನ. ಮೇವಿಗೆ ಎತ್ತಿ, ಉಳಿದದ್ದನ್ನು ಕಾಂಪೋಸ್ಟ್ ಮಾಡಿ ಅಥವಾ ಆಳವಾಗಿ ಉತ್ತು ಮುಚ್ಚಬೇಕು. ಸುಡುವುದು ಬೇಡ, ಮಣ್ಣಿನ ಸಾರವೂ ಜೊತೆಗೆ ಸುಡುತ್ತದೆ. ನಡುವೆ ಉದ್ದು, ಹೆಸರು, ಅವರೆ, ಶೇಂಗಾ, ಮರಗೆಣಸು ಏನಾದರೂ ಒಂದು ಬೆಳೆ ಬರಲಿ. ಈ ಸೀಮೆಗೆ ಇವು ಯಾವುವೂ ಹೊಸವಲ್ಲ, ಶಿಲೀಂಧ್ರಕ್ಕೆ ಯಾವುವೂ ಬೇಡದವು.

ಮೂರನೆಯದು ಗಿಡದ ಆರೋಗ್ಯ. ಶಿಫಾರಸು ಮಾಡಿದ ಅಂತರ ಬಿಟ್ಟರೆ ಎಲೆ ಬೇಗ ಆರುತ್ತದೆ. ಯೂರಿಯಾ ಒಂದನ್ನೇ ಸುರಿಯದೆ ಪೊಟ್ಯಾಷನ್ನೂ ಕೊಡಬೇಕು. ತುಂತುರು ನೀರಾವರಿ ಇರುವವರು ಸಂಜೆಯ ಬದಲು ಬೆಳಗ್ಗೆ ನೀರು ಕೊಟ್ಟರೆ ರಾತ್ರಿಯ ತೇವ ತಗ್ಗುತ್ತದೆ.

ಕೊನೆಯದು ಔಷಧಿ. ಮೊದಲ ಮಚ್ಚೆ ಕಂಡಾಗ ಪ್ರತಿ ಲೀಟರ್ ನೀರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸುವುದು ಹಳೆಯ, ಅಗ್ಗದ ಕ್ರಮ. ಅದು ಎಲೆಯ ಹೊರಗೆ ಕಾಯುತ್ತದೆ, ಒಳಹೊಕ್ಕ ರೋಗವನ್ನು ಮುಟ್ಟುವುದಿಲ್ಲ. ಹವೆ ತೇವವಾಗಿಯೇ ಇದ್ದರೆ ಹತ್ತು ದಿನದ ನಂತರ ಮತ್ತೊಮ್ಮೆ ಬೇಕು. ರೋಗ ಏರುತ್ತಿದ್ದರೆ ಲೀಟರಿಗೆ 1 ಮಿಲಿಲೀಟರ್ ಪ್ರೊಪಿಕೊನಜೋಲ್, ಅಥವಾ ಅಜಾಕ್ಸಿಸ್ಟ್ರೋಬಿನ್–ಡೈಫೆನೊಕೊನಜೋಲ್ ಮಿಶ್ರಣ 1 ಮಿಲಿಲೀಟರ್ ಒಳಗಿನಿಂದ ತಡೆಯುತ್ತದೆ. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಅದಕ್ಕೆ ಬಗ್ಗದ ಶಿಲೀಂಧ್ರವನ್ನೇ ಉಳಿಸಿ ಬೆಳೆಸಿದಂತೆ. ತಳಿಯಲ್ಲಿ ನಡೆದದ್ದೇ ಇಲ್ಲೂ ನಡೆಯುತ್ತದೆ. ಚೀಟಿಯ ಮೇಲಿನ ಪ್ರಮಾಣ, ಕಟಾವಿಗೆ ಮುಂಚಿನ ಅಂತರ ಪಾಲಿಸಬೇಕು. ಕೈಗವಸು, ಮುಖವಸ್ತ್ರ ಇಲ್ಲದೆ ತಲೆಗಿಂತ ಎತ್ತರದ ಬೆಳೆಗೆ ಸಿಂಪಡಿಸುವ ಕೂಲಿಯಾಳಿನ ಉಸಿರಿಗೂ ಬೆಲೆ ಇದೆ.

ಯಾವಾಗ ಸಿಂಪಡಿಸಬೇಕು? ಅಮೆರಿಕದ ವಿಸ್ತರಣಾ ತಜ್ಞರು ಎಲೆ ರೋಗಗಳಿಗೆ ಬಳಸುವ ಒಂದು ಅಳತೆ ನಮಗೂ ದಾರಿ ತೋರಬಲ್ಲದು. ಗಂಡು ಹೂ ಬರುವ ಹೊತ್ತಿಗೆ ಅರ್ಧದಷ್ಟು ಗಿಡಗಳಲ್ಲಿ, ತೆನೆಯ ಎಲೆಯಿಂದ ಕೆಳಗೆ ಮೂರನೆಯ ಎಲೆಗೋ ಅದಕ್ಕೂ ಮೇಲಕ್ಕೋ ಮಚ್ಚೆ ಏರಿದ್ದು, ತಳಿ ರೋಗಕ್ಕೆ ಬೇಗ ತುತ್ತಾಗುವಂಥದ್ದಾಗಿದ್ದು, ಹವೆ ತೇವವಾಗಿದ್ದರೆ ಸಿಂಪಡಿಸಿ. ಕಾಳು ಗಟ್ಟಿಯಾದ ಮೇಲೆ ಔಷಧಿ ಅಂಗಡಿಗೆ ಹೋಗಬೇಡಿ.

ಯಾರು ನೋಡಬೇಕು

ಇಷ್ಟೆಲ್ಲ ಗೊತ್ತಿದ್ದೂ ರೋಗ ಗೆಲ್ಲುವುದು ಒಂದು ಕೊಂಡಿ ಕಳಚಿದಾಗ. ಹೊಲದಲ್ಲಿ ರೈತನಿಗೆ ಕಂಡದ್ದು ಪ್ರಯೋಗಾಲಯಕ್ಕೆ ಹೋಗಬೇಕು, ಪ್ರಯೋಗಾಲಯದಲ್ಲಿ ತಿಳಿದದ್ದು ಬೀಜ ಕೊಳ್ಳುವ ಹೊತ್ತಿಗೆ ರೈತನಿಗೆ ಮುಟ್ಟಬೇಕು.

ಅದಕ್ಕೆ ಬೇಕಾದ ಸಂಸ್ಥೆಗಳು ಈಗಾಗಲೇ ಇವೆ. ಸೇಲಂ ಜಿಲ್ಲೆಗೆ ಸಂದಿಯೂರಿನಲ್ಲಿ, ಧರ್ಮಪುರಿಗೆ ಪಾಪ್ಪಾರಪಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಪೈಯೂರಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರ, ದಿಂಡಿಗಲ್ ಜಿಲ್ಲೆಯ ವಾಗರೈಯಲ್ಲಿ ಮೆಕ್ಕೆಜೋಳ ಸಂಶೋಧನಾ ಕೇಂದ್ರ. ಗಡಿಯ ಈಚೆ ಮಂಡ್ಯ, ಆಚೆ ಕೊಯಮತ್ತೂರು. ಪ್ರತಿ ಹಂಗಾಮಿನಲ್ಲಿ ಪ್ರತಿ ಬ್ಲಾಕಿನಿಂದ ಹತ್ತು ಹೊಲದ ರೋಗದ ಎಲೆಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಊರು, ದಿನಾಂಕ, ಹೈಬ್ರಿಡ್ ಹೆಸರು ಬರೆದು ಕಳಿಸುವುದು ಕಷ್ಟದ ಕೆಲಸವಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಎಲೆ ಕೊಳೆಯುತ್ತದೆ, ಕಾಗದದಲ್ಲಿ ಒಣಗಿ ಉಳಿಯುತ್ತದೆ. ಎಚ್‌ಟಿ ವಂಶವಾಹಿಗಳುಳ್ಳ ಪರೀಕ್ಷಾ ತಳಿಗಳ ನಾಲ್ಕು ಸಾಲನ್ನು ಹೊಸೂರು, ಧರ್ಮಪುರಿ, ಆತ್ತೂರು, ಮಂಡ್ಯ ನಾಲ್ಕೂ ಕಡೆ ಒಂದೇ ದಿನ ಬಿತ್ತಿದರೆ ಯಾವ ಮೆಟ್ಟಿಲಿನಲ್ಲಿ ಯಾವ ಬಗೆ ಇದೆ ಎಂದು ಗಿಡಗಳೇ ತೋರಿಸುತ್ತವೆ. ಫಲಿತಾಂಶ ತಮಿಳು, ಕನ್ನಡ ಎರಡರಲ್ಲೂ ಸಹಕಾರ ಸಂಘದ ಫಲಕದ ಮೇಲೆ ಮುಂಗಾರು ಬಿತ್ತನೆಗೆ ಮೊದಲು ಬರಬೇಕು. ಬೀಜದ ಕಂಪನಿಗಳು ತಮ್ಮ ಹೈಬ್ರಿಡ್‌ನ ರೋಗದ ಅಂಕವನ್ನು ಚೀಲದ ಮೇಲೆ ಮುದ್ರಿಸುವಂತೆ ಸರ್ಕಾರ ಕಡ್ಡಾಯ ಮಾಡಬೇಕು. ಬೆಲೆ ಕೊಟ್ಟು ಕೊಳ್ಳುವವನಿಗೆ ಅದು ಹಕ್ಕು.

ಶಿಲೀಂಧ್ರ ಬದಲಾಗುವುದನ್ನು ಯಾರೂ ನಿಲ್ಲಿಸಲಾರರು, ಅದು ಅದರ ಜೀವಧರ್ಮ. ಆ ಬದಲಾವಣೆ ನಮಗೆ ಗೊತ್ತಾಗುವ ಮೊದಲೇ ಹೊಲ ಒಣಗುವುದನ್ನು ಮಾತ್ರ ನಾವು ತಪ್ಪಿಸಬಹುದು. ನಿರೋಧಕ ತಳಿ ಎಂಬುದು ಒಮ್ಮೆ ಗಳಿಸಿ ಮರೆತುಬಿಡುವ ಆಸ್ತಿ ಅಲ್ಲ, ವರ್ಷ ವರ್ಷವೂ ಪರೀಕ್ಷಿಸಿ ಉಳಿಸಿಕೊಳ್ಳಬೇಕಾದ ರಕ್ಷಣೆ. ಎರಡು ರಾಜ್ಯಗಳ ಕೃಷಿ ಇಲಾಖೆಗಳು ಕೂತು ಮಾತಾಡಿ ಮುಂದಿನ ಹಿಂಗಾರಿನಿಂದಲೇ ಈ ಎಲೆ ಸಮೀಕ್ಷೆಯನ್ನು ಶುರುಮಾಡಲಿ. ಒಂದು ಹಂಗಾಮಿನ ಅನಗತ್ಯ ಸಿಂಪಡಣೆಗೆ ಈ ಸೀಮೆಯ ರೈತರು ಸುರಿಯುವ ಹಣದ ಮುಂದೆ ಅದರ ಖರ್ಚು ಬಹಳ ಚಿಕ್ಕದು.